ನದಿಯೆಲ್ಲ ಆಚೆ ದಡದವರದು

ಹಾರ್ಲನ್ ಪೀಸ್ಲೀ ಶನಿವಾರ ಸಂಜೆ ಸೇತುವೆ ದಾಟಿ ಬರುವುದನ್ನು ನಿಲ್ಲಿಸಿದ್ದು ಒಂದು ಅಕ್ಟೋಬರ್ ತಿಂಗಳಲ್ಲಿ. ಅದಕ್ಕೆ ಮುಂಚೆ ಅವನು ಬಾರದ ಶನಿವಾರ ನನಗೆ ನೆನಪಿಲ್ಲ. ಹಿಮ ಬೀಳಲಿ, ಕೆಸರು ತುಂಬಲಿ, ಕತ್ತಲಾಗುವ ಹೊತ್ತಿಗೆ ಅವನ ಕೆಂಪು ಚೌಕಳಿ ಕೋಟು ಸೇತುವೆಯ ಮೇಲೆ ಕಾಣಿಸಲೇಬೇಕು. ಮರದ ಹಲಗೆ ಸಾಗಿಸುವ ಲಾರಿ ಅವನಲ್ಲಿತ್ತು. ಆದರೆ ಡಾರ್ಕಸ್‌ಳ ಮನೆಗೆ ಅವನು ಯಾವತ್ತೂ ನಡೆದೇ ಬರುತ್ತಿದ್ದ.

ಡಾರ್ಕಸ್ ವೀಲಾಕ್ ನನ್ನ ಪಕ್ಕದ ಮನೆಯವಳು. ನಮ್ಮೆರಡು ಮನೆಗಳ ಹಿತ್ತಿಲೂ ನದಿಗೆ ಇಳಿಯುತ್ತವೆ. ನಾವಿರುವುದು ಪಶ್ಚಿಮ ದಡ, ವರ್ಮಾಂಟ್. ಹಾರ್ಲನ್‌ನ ಮರ ಕೊಯ್ಯುವ ಮಿಲ್ಲು, ಮನೆ, ಮೇಪಲ್ ತೋಪು ಎಲ್ಲ ಇರುವುದು ಆಚೆ ದಡದಲ್ಲಿ, ನ್ಯೂ ಹ್ಯಾಂಪ್‌ಷೈರಿನಲ್ಲಿ. ಡಾರ್ಕಸ್ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಾರ್ಲನ್ ಮದುವೆಯಾದವನೇ ಅಲ್ಲ. ಗರಗಸದ ಸದ್ದು ಅವನ ಎರಡು ಕಿವಿಗಳನ್ನೂ ತಿಂದುಹಾಕಿತ್ತು. ಯಾರಾದರೂ ಮಾತಾಡಿದರೆ ಅವರ ತುಟಿಗಳನ್ನೇ ನೋಡುತ್ತಿದ್ದ.

ಶನಿವಾರ ಕಾಕಂಬಿ ಹಾಕಿ ದಿನವಿಡೀ ಒಲೆಯಲ್ಲಿ ಬೇಯಿಸಿದ ಬೀನ್ಸ್, ಕಂದು ಬ್ರೆಡ್. ಊಟವಾದ ಮೇಲೆ ಇಬ್ಬರೂ ಇಸ್ಪೀಟಾಡುತ್ತಿದ್ದರು. ಒಂಬತ್ತಕ್ಕೆ ಅವನು ಟೋಪಿ ಹಾಕಿಕೊಂಡು ಹೊರಡುತ್ತಿದ್ದ. ಹೀಗೆ ಎಷ್ಟೋ ವರ್ಷ. ಮೊದಮೊದಲು ಅವನ ತಾಯಿ ಬದುಕಿದ್ದಳು, ಇನ್ನೊಂದು ಹೆಂಗಸು ಆ ಮನೆಯ ಹೊಸ್ತಿಲು ತುಳಿಯುವುದು ಅವಳಿಗೆ ಬೇಕಿರಲಿಲ್ಲ. ತಾಯಿ ತೀರಿಕೊಳ್ಳುವಷ್ಟರಲ್ಲಿ ಅದೇ ರೂಢಿಯಾಗಿಬಿಟ್ಟಿತ್ತು. “ಸೇತುವೆ ತುಕ್ಕು ಹಿಡಿದು ಬಿದ್ದುಹೋದ್ರೂ ಹಾರ್ಲನ್ ಬಾಯಿ ಬಿಡಲ್ಲ” ಎಂದು ಎರಡೂ ಊರಿನವರು ನಗುತ್ತಿದ್ದರು. ಡಾರ್ಕಸ್ ಈ ಬಗ್ಗೆ ತುಟಿ ಎರಡು ಮಾಡುತ್ತಿರಲಿಲ್ಲ. ಒಂದೇ ಒಂದು ಸಲ, ನಾವಿಬ್ಬರೂ ಕೂತು ಸೇಬು ಸುಲಿಯುತ್ತಿದ್ದಾಗ, ತಲೆಯೆತ್ತದೆ ಅಂದಿದ್ದಳು: “ಐಡೆಲಾ, ಒಂಬತ್ತಾಯ್ತು ಅಂದ್ರೆ ನಂಗೆ ಆ ಗಡಿಯಾರ ಕಂಡ್ರೆ ಆಗಲ್ಲ ಕಣೇ.”

ಆ ವರ್ಷ ಮಾರ್ಚಿಯಲ್ಲಿ ಹಾರ್ಲನ್‌ನ ಕೆಲಸದಾಳು ಜ್ವರ ಬಂದು ಮಲಗಿದ. ಮೇಪಲ್ ರಸ ಜೋರಾಗಿ ಇಳಿಯುತ್ತಿತ್ತು. ಮರದಿಂದ ಇಳಿದದ್ದನ್ನು ಅಂದಂದೇ ಕಾಯಿಸಿ ಪಾಕ ಮಾಡದಿದ್ದರೆ ಹುಳಿಯುತ್ತದೆ. ಡಾರ್ಕಸ್ ಸಹಾಯಕ್ಕೆ ಹೋದಳು. ಅವನ ಆಲೆಮನೆಯಲ್ಲಿ ಹಬೆ ತುಂಬಿ ಎದುರಿಗಿದ್ದವರ ಮುಖ ಕಾಣದಂತಾಗುತ್ತದೆ. ಅಟ್ಟದ ಮೇಲಿಟ್ಟಿದ್ದ ಖಾಲಿ ಡಬ್ಬಿಗಳನ್ನು ತರಲು ಅವಳು ಮೆಟ್ಟಿಲೇರಿದಳು. ಇಳಿಯುವಾಗ ಒಂದು ಮೆಟ್ಟಿಲು ಮುರಿಯಿತು. ಕೊಳೆತಿತ್ತು. ಅವಳು ಬಿದ್ದದ್ದು, ಕೂಗಿದ್ದು ಬೆನ್ನು ತಿರುಗಿಸಿ ಬೆಂಕಿಗೆ ಸೌದೆ ಹಾಕುತ್ತಿದ್ದ ಹಾರ್ಲನ್‌ಗೆ ಕೇಳಿಸಲಿಲ್ಲ. ತಿರುಗಿ ನೋಡಿದಾಗ ಅವಳು ನೆಲದ ಮೇಲಿದ್ದಳು.

ಸೊಂಟದ ಕೀಲು ಮುರಿದಿತ್ತು. ಆಪರೇಷನ್ ಮಾಡಿ ಲೋಹದ ಕೀಲು ಕೂರಿಸಿದರು. ಬೇಸಿಗೆಯೆಲ್ಲ ಹಾಸಿಗೆಯಲ್ಲಿ ಕಳೆಯಿತು, ಆಮೇಲೆ ವಾಕರ್ ಹಿಡಿದು ನಡಿಗೆ. ಹಾರ್ಲನ್ ಶನಿವಾರ ಮಾತ್ರವಲ್ಲ, ದಿನ ಬಿಟ್ಟು ದಿನ ಬರತೊಡಗಿದ. ಸೌದೆ ಒಡೆದು ಹಾಕುತ್ತಿದ್ದ, ಸೂಪು ಕಾಯಿಸುತ್ತಿದ್ದ, ಅದನ್ನು ಸೀಯಿಸಿಯೂ ಬಿಡುತ್ತಿದ್ದ. ನೋವಿದ್ದರೂ ಆ ಬೇಸಿಗೆಯಲ್ಲಿ ಡಾರ್ಕಸ್‌ಳ ಮುಖದಲ್ಲಿ ಒಂದು ಕಳೆಯಿತ್ತು. ಅದನ್ನು ನಾನು ನೋಡಿದ್ದೇನೆ.

ಆಸ್ಪತ್ರೆಯ ಬಿಲ್ಲಿನ ಗಲಾಟೆ ಶುರುವಾದದ್ದು ಆಗ. ಬಿದ್ದದ್ದು ಇನ್ನೊಬ್ಬರ ಜಾಗದಲ್ಲಿ, ಆದ್ದರಿಂದ ಅವನ ಮನೆಯ ವಿಮೆಯವರು ಕೊಡಲಿ ಎಂದು ಡಾರ್ಕಸ್‌ಳ ವಿಮೆ ಕಂಪನಿ ಕೈ ಎತ್ತಿತು. ಅವಳಾಗಿಯೇ ಹತ್ತಿದ್ದು, ನಾವೇಕೆ ಕೊಡಬೇಕು ಎಂದಿತು ಅವನ ಕಂಪನಿ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಗೆ ದಾರಿ ತೋರಿಸಿದವನು ಹಾರ್ಲನ್ನೇ. ಆ ಶನಿವಾರ ಊಟಕ್ಕೆ ನಾನೂ ಇದ್ದೆ.

“ನನ್ನ ಮೇಲೆ ದಾವೆ ಹಾಕು” ಎಂದ ಅವನು.

“ನಿಂಗೇನು ಹುಚ್ಚಾ?”

“ನನ್ನ ಮೇಲಲ್ಲ, ಕಂಪನಿ ಮೇಲೆ. ಹೆಸರು ಮಾತ್ರ ನಂದು. ಇಷ್ಟು ವರ್ಷ ಕಂತು ಕಟ್ಟಿಸ್ಕೊಂಡಿದ್ದಾರೆ, ಒಂದ್ಸಲನಾದ್ರೂ ಉಪಯೋಗಕ್ಕೆ ಬರ್ಲಿ. ಮೆಟ್ಟಿಲು ನಂದು, ಕೊಳೆತಿದ್ದೂ ನಂದೇ.”

“ವೀಲಾಕ್ ವಿರುದ್ಧ ಪೀಸ್ಲೀ ಅಂತ ಬರೀತಾರೆ ಹಾರ್ಲನ್. ವಿರುದ್ಧ!”

“ಬರೀಲಿ ಬಿಡು, ಅಂತೂ ನಿಮ್ಮಿಬ್ಬರ ಹೆಸರು ಒಂದೇ ಕಾಗದದ ಮೇಲೆ ಬಂತಲ್ಲ” ಎಂದೆ ನಾನು.

ಡಾರ್ಕಸ್ ನಕ್ಕಳು. ನನ್ನ ತುಟಿಗಳನ್ನೇ ನೋಡುತ್ತಿದ್ದ ಹಾರ್ಲನ್ ಕೆಂಪಾಗಿ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ.

ನಮ್ಮೂರಿನ ವಕೀಲ ಲಿಂಡ್ಲಿ ಟಟಲ್ ನಮ್ಮ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಿದರು. ತೀರ್ಮಾನ ಹೇಳುವ ಜ್ಯೂರಿಯಲ್ಲಿ ನಮ್ಮ ಜನ ಕೂರುತ್ತಾರೆ, ಟೀಚರಮ್ಮನ ಸೊಂಟ ಮುರಿದದ್ದು ಕೇಳಿ ಕರಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ಅಕ್ಟೋಬರಿನಲ್ಲಿ ಹಾರ್ಲನ್‌ನ ಕಂಪನಿ ತನ್ನ ವಕೀಲನನ್ನು ಅವನ ಮನೆಗೆ ಕಳಿಸಿತು. ಆ ವಾರ ಹಾರ್ಲನ್ ಬಂದವನು ಕೋಟು ಬಿಚ್ಚಲಿಲ್ಲ, ಬಾಗಿಲ ಹತ್ತಿರವೇ ನಿಂತ.

“ಕೂತ್ಕೋ” ಎಂದಳು ಡಾರ್ಕಸ್.

“ಇವತ್ತು ಬಂದಿದ್ದೇ ತಪ್ಪಂತೆ.” ಅವನು ಟೋಪಿಯನ್ನು ಕೈಯಲ್ಲಿ ತಿರುವುತ್ತ ಹೇಳಿದ. “ಈ ಕೋರ್ಟಿಗೆ ನನ್ನ ಮೇಲೆ ಅಧಿಕಾರ ಇಲ್ಲ ಅಂತ ಅರ್ಜಿ ಹಾಕ್ತಾರಂತೆ. ನಾನಿರೋದು ಆ ಕಡೆ, ಮೆಟ್ಟಿಲು ಮುರಿದಿದ್ದು ಆ ಕಡೆ. ಕೇಸನ್ನ ಬಾಗಿಲಲ್ಲೇ ವಜಾ ಮಾಡಿ ಅಂತ ಕೇಳೋದು. ಅದು ತೀರ್ಮಾನ ಆಗೋವರೆಗೂ ನಾನು ವರ್ಮಾಂಟಲ್ಲಿ ಕಾಲಿಡಬಾರದಂತೆ. ಇಟ್ಟಾಗ ಷರೀಫನ ಕಡೆಯೋರು ಯಾರಾದ್ರೂ ಕೈಗೆ ಸಮನ್ಸ್ ತುರುಕಿದ್ರೆ ಮುಗೀತು, ನಾನು ಈ ಕೋರ್ಟಿನ ಕೈಗೆ ಸಿಕ್ಕಂಗೆ.”

“ಸಿಕ್ಕು. ಅದ್ರಲ್ಲೇನು?”

“ಬೇಕು ಅಂತ ಸಿಕ್ಕಿಹಾಕ್ಕೊಂಡ್ರೆ, ನೀನು ನಮ್ಮ ಮಾತು ಕೇಳ್ಲಿಲ್ಲ ಅಂತ ಕಂಪನಿ ಕೈ ಕೊಡವಿ ಎದ್ದು ಹೋಗುತ್ತಂತೆ. ಆಗ ನಿಂಗೆ ಏನೂ ಸಿಗಲ್ಲ. ನಾನು ಬಂದ್ರೆ ನಿಂಗೇ ನಷ್ಟ, ಡಾರ್ಕಸ್.”

ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿತ್ತು. ಅವನು ತಟ್ಟೆಗಳನ್ನು ನೋಡಿದ, ಅವಳನ್ನು ನೋಡಿದ, ಟೋಪಿ ಹಾಕಿಕೊಂಡು ಹೊರಟುಹೋದ.

ಅವಳೇ ಆಚೆ ದಡಕ್ಕೆ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ನಾನೇ ಗಾಡಿ ಓಡಿಸುತ್ತೇನೆಂದು ಅಂದಿದ್ದೆ. ಆದರೆ ಕಂಪನಿಯವರ ಮನುಷ್ಯನೊಬ್ಬ ಹಾರ್ಲನ್‌ನ ಗೇಟಿನ ಎದುರು ಕಾರು ನಿಲ್ಲಿಸಿಕೊಂಡು ಕ್ಯಾಮೆರಾ ಹಿಡಿದು ಕೂರುತ್ತಿದ್ದ. ಅವಳು ಅಲ್ಲಿ ಓಡಾಡಿದ ಒಂದು ಫೋಟೊ ಸಿಕ್ಕರೆ ಸಾಕು, ಸೊಂಟಕ್ಕೆ ಏನೂ ಆಗಿಲ್ಲ ಎನ್ನುತ್ತಾರೆ ಎಂದು ಟಟಲ್ ಕಟ್ಟುನಿಟ್ಟಾಗಿ ತಡೆದಿದ್ದರು. ಇತ್ತ ಅವನು ಬರುವಂತಿಲ್ಲ, ಅತ್ತ ಅವಳು ಹೋಗುವಂತಿಲ್ಲ. ಒಬ್ಬರ ಮೇಲೊಬ್ಬರಿಗೆ ಎಳ್ಳಷ್ಟು ಸಿಟ್ಟಿಲ್ಲದ ಇಬ್ಬರನ್ನು ಕಾನೂನು ವಾದಿ, ಪ್ರತಿವಾದಿ ಎಂದು ಎರಡು ದಡಗಳಲ್ಲಿ ನಿಲ್ಲಿಸಿತ್ತು.

ಫೋನೂ ಅವರ ಪಾಲಿಗಿರಲಿಲ್ಲ. ಒಂದು ಸಂಜೆ ತಡೆಯಲಾರದೆ ಅವಳು ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ, ಅವನ ಮಾತು ನನಗೂ ಕೇಳುತ್ತಿತ್ತು. ಕಿವುಡರು ಮಾತಾಡುವಂತೆ ಜೋರಾಗಿ ಮಾತಾಡುತ್ತಿದ್ದ.

“ಯಾರು? ಡಾರ್ಕಸ್? ನೀನೇನಾ? ನಂಗೆ ಏನೂ ಕೇಳ್ತಿಲ್ಲ, ಜೇನುಹುಳ ಗುಂಯ್‌ಗುಟ್ಟಿದಂಗೆ ಕೇಳುತ್ತೆ ಅಷ್ಟೇ. ನೀನೇ ಅಂತ ಅಂದ್ಕೋತೀನಿ. ಇಲ್ಲಿ ಮರ ಎಲ್ಲ ಬೋಳಾಗಿದೆ. ನಿನ್ನ ಕಡೆನೂ ಹಂಗೇ ಇರ್ಬೇಕು. ಸೊಂಟ ಹೇಗಿದೆ? ಹೇಳು. ಕೇಳ್ದಿದ್ರೂ ಪರವಾಗಿಲ್ಲ, ಹೇಳು. ನಾನು ಇಡಲ್ಲ.”

ಡಾರ್ಕಸ್ ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಅವನಿಗೆ ಕೇಳಿಸದು ಎಂಬ ಧೈರ್ಯದಲ್ಲಿ ಏನನ್ನೋ ಮೆಲ್ಲಗೆ ಹೇಳತೊಡಗಿದಳು. ನಾನು ಎದ್ದು ಹೊರಗೆ ಬಂದೆ. ಹಿತ್ತಿಲಲ್ಲಿ ಚಳಿಗೆ ನಡುಗುವವರೆಗೂ ನಿಂತು ಒಳಗೆ ಹೋದಾಗ ಅವಳು ಇನ್ನೂ ಫೋನು ಹಿಡಿದೇ ಇದ್ದಳು. ಆಚೆ ಬದಿಯೂ ಇಟ್ಟಿರಲಿಲ್ಲ.

ಡಿಸೆಂಬರಿನಲ್ಲಿ ಟಟಲ್ ಮನೆಗೆ ಬಂದರು. ಕಾಫಿ ಕುಡಿದರು, ಬಿಸ್ಕತ್ತು ಹೊಗಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಪೀಸ್ಲೀ ಅವರು ಶನಿವಾರ ಊಟಕ್ಕೆ ಬರೋ ಪದ್ಧತಿ ಇತ್ತಂತಲ್ಲ?”

“ಇತ್ತು.”

“ಮೋಸ ಮಾಡಿ ಕರೆಸಬಾರದು, ಅದು ನಡೆಯೋಲ್ಲ. ಆದರೆ ಹಬ್ಬದ ಸಮಯ, ಅವರಾಗೇ ಬಂದ್ರೆ... ನೀವು ಬೇಡ ಅನ್ನದೆ ಇದ್ರೆ ಸಾಕು. ಷರೀಫನ ಡೆಪ್ಯುಟಿ ಅಡುಗೆಮನೇಲಿ ಕೂತಿರ್ತಾರೆ. ಕೈಗೆ ಕಾಗದ ಬಿತ್ತು ಅಂದ್ರೆ ಅವರ ಅರ್ಜಿ ಅಲ್ಲಿಗೇ ಸತ್ತಂಗೆ.”

ಡಾರ್ಕಸ್ ಅವರ ಮುಂದಿದ್ದ ಬಿಸ್ಕತ್ತಿನ ತಟ್ಟೆ ಎತ್ತಿಕೊಂಡಳು. “ಟಟಲ್ ಅವರೇ, ಇದು ಊಟದ ಮೇಜು, ಇಲಿಬೋನಲ್ಲ. ಆ ಮನುಷ್ಯ ಇಲ್ಲಿ ಯಾವತ್ತೂ ಬಾಗಿಲ ಕಡೆ ಬೆನ್ನು ಹಾಕಿ ಕೂತು ಊಟ ಮಾಡ್ತಿದ್ದ, ಗೊತ್ತಾ? ಕಿವಿ ಕೇಳದೋನು ಎಲ್ಲಾ ಕಡೆ ಹಂಗೆ ಕೂರಲ್ಲ.”

ವಕೀಲರು ಟೋಪಿ ತೆಗೆದುಕೊಂಡು ಎದ್ದರು.

ಹೊಸ ವರ್ಷ ಕಳೆದ ಮೇಲೆ ನದಿ ಗಟ್ಟಿಯಾಗಿ ಹೆಪ್ಪುಗಟ್ಟಿತು. ಹಿಮಕ್ಕೆ ತೂತು ಕೊರೆದು ಮೀನು ಹಿಡಿಯುವವರು ಅದರ ಮೇಲೆ ಗುಡಿಸಲು ಎಳೆದು ತಂದರು. ನದಿಯ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯಿದೆ. ಗಡಿ ಹೊಳೆಯ ನಡುವೆ ಹಾದುಹೋಗುವುದಿಲ್ಲ. ನೀರೆಲ್ಲ ನ್ಯೂ ಹ್ಯಾಂಪ್‌ಷೈರಿನದು, ನಮ್ಮ ದಡದ ಹತ್ತಿರದವರೆಗೂ. ಹಳೆಯ ಕಾಲದಲ್ಲಿ ನೀರು ತೀರ ಇಳಿದಾಗ ಎಲ್ಲಿ ನಿಲ್ಲುತ್ತಿತ್ತೋ ಅದೇ ಗಡಿ. ಅಣೆಕಟ್ಟು ಕಟ್ಟಿ ನೀರು ಏರಿದ ಮೇಲೆ ಆ ಗುರುತು ಮುಳುಗಿದೆ. ನೀರಂಚಿನ ಸೀಳುಬಂಡೆಯಿಂದ ಹಿಂದೆ ದೋಣಿ ಕಟ್ಟುತ್ತಿದ್ದ ಕಂಬದ ಕಡೆಗೆ ಒಂದು ಗೆರೆ ಎಳೆದುಕೊಳ್ಳಿ ಎಂದು ಮುದುಕರು ಹೇಳುತ್ತಾರೆ.

ಜನವರಿಯ ಒಂದು ಶನಿವಾರ, ಬಿಸಿಲು ಇಳಿಯುವ ಹೊತ್ತು, ನಾನು ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡಿದೆ. ಕೆಂಪು ಕೋಟಿನವನೊಬ್ಬ ಗುಡಿಸಲುಗಳ ನಡುವಿನಿಂದ ಹಿಮದ ಮೇಲೆ ನಡೆದು ಬರುತ್ತಿದ್ದ. ಕೈಯಲ್ಲಿ ಉದ್ದನೆಯ ಕೋಲು. ನಮ್ಮ ದಡದಿಂದ ಸಾಕಷ್ಟು ದೂರದಲ್ಲೇ ನಿಂತ. ಬಂಡೆಯ ಕಡೆ ನೋಡಿದ, ಕಂಬದ ಕಡೆ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. ಹಿಮ ಕೊರೆದು ಕೋಲು ನೆಟ್ಟ. ಆಮೇಲೆ ಡಾರ್ಕಸ್‌ಳ ಮನೆಯ ಕಡೆ ಮುಖ ಮಾಡಿ ನಿಂತುಕೊಂಡ.

ನಾನು ಒದ್ದೆ ಕೈಯಲ್ಲೇ ಓಡಿದೆ. “ಡಾರ್ಕಸ್, ಹೊರಗೆ ಬಾರೇ!”

ಅವಳು ವಾಕರ್ ಹಿಡಿದು, ನನ್ನ ಭುಜಕ್ಕೆ ಒರಗಿ, ದಡದವರೆಗೆ ಬಂದಳು. ಇಬ್ಬರ ನಡುವೆ ಚರ್ಚಿನ ಅಂಗಳದಷ್ಟು ಹಿಮ. ಅವನು ಕೈ ಎತ್ತಿದ. ಅವಳು ಎತ್ತಿದಳು. ಕೂಗಿದರೆ ಅವನಿಗೆ ಕೇಳಿಸದು, ಅಷ್ಟು ದೂರಕ್ಕೆ ತುಟಿ ಕಾಣದು. ಸುಮ್ಮನೆ ನಿಂತರು. ಕತ್ತಲು ಕವಿದು ಅವನ ಕೋಟಿನ ಬಣ್ಣ ಕರಗುವವರೆಗೂ ಅವಳು ಒಳಗೆ ಬರಲು ಒಪ್ಪಲಿಲ್ಲ.

ಮುಂದಿನ ವಾರದಿಂದ ಅವನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರತೊಡಗಿದ, ಮೀನು ಹಿಡಿಯುವವನ ಹಾಗೆ. ನಾನು ಅಡುಗೆಮನೆಯ ಕುರ್ಚಿ ಹೊತ್ತು ದಡಕ್ಕೆ ಹಾಕುತ್ತಿದ್ದೆ. ಗುಡಿಸಲಿನವರು ಅವನ ಎದುರಿಗೆ ಬಂದು ನಿಂತು ಛೇಡಿಸುತ್ತಿದ್ದರು.

“ಏನ್ ಹಾರ್ಲನ್, ಕಚ್ತಾ?”

“ಇನ್ನೂ ಇಲ್ಲ.”

“ಇಷ್ಟು ವರ್ಷ ಗಾಳನೇ ಹಾಕ್ದೆ ಕೂತ್ರೆ ಹೆಂಗಯ್ಯಾ ಕಚ್ಚುತ್ತೆ!”

ಅವರ ನಗು ಹಿಮದ ಮೇಲೆ ಜಾರಿ ನಮ್ಮವರೆಗೂ ಬರುತ್ತಿತ್ತು. ಡಾರ್ಕಸ್ ಶಾಲು ಎಳೆದುಕೊಂಡು, “ದರಿದ್ರದೋವು” ಎನ್ನುತ್ತ ತಾನೂ ನಗುತ್ತಿದ್ದಳು. ಒಳಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ. “ಕಣ್ಣಿಗೆ ಕಾಣೋದು ಒಳ್ಳೇದಾ, ಕಾಣದೇ ಇರೋದು ಒಳ್ಳೇದಾ, ಗೊತ್ತಾಗ್ತಿಲ್ಲ ಕಣೇ” ಎಂದಳು ಒಮ್ಮೆ. “ನೋಡಿ ಬಂದ ದಿನ ಮನೆ ಇನ್ನೂ ದೊಡ್ಡದಾಗಿ ಕಾಣುತ್ತೆ.”

ಫೆಬ್ರವರಿಯಲ್ಲಿ ಸ್ವಲ್ಪ ಬಿಸಿಲು ಕಾದು ಹಿಮದ ಮೇಲ್ಪದರ ಕರಗಿತು, ಮತ್ತೆ ಹೆಪ್ಪುಗಟ್ಟಿತು, ಮೇಲೆ ಹೊಸ ಹಿಮ ಬಿತ್ತು. ಹಾರ್ಲನ್‌ನ ಕೋಲು ಎಲ್ಲೋ ಮಗುಚಿ ಹೂತುಹೋಗಿತ್ತು. ಆ ಶನಿವಾರ ಗಾಳಿಯೂ ಜೋರು. ನಾನು ಕುರ್ಚಿ ತರಲು ಹೊರಟಾಗ ನನ್ನ ಕೊಟ್ಟಿಗೆಯ ಹಿಂದೆ ಷರೀಫನ ಕಚೇರಿಯ ಕಾರು ನಿಂತಿತ್ತು. ವಿಲೋ ಮರದ ಪಕ್ಕ ಡೆಪ್ಯುಟಿ ವೆಂಡಲ್ ಸ್ಯಾನ್‌ಬೋರ್ನ್. ಡಾರ್ಕಸ್‌ಳ ಕೈಯಲ್ಲೇ ಅಕ್ಷರ ಕಲಿತವನು.

“ಏನೋ ಇಲ್ಲಿ?”

“ಟಟಲ್ ಕಳಿಸಿದ್ರು, ಐಡೆಲಾ ಅತ್ತೆ.” ಅವನು ನನ್ನ ಮುಖ ನೋಡಲಿಲ್ಲ. “ಅವರು ಈ ಕಡೆ ಬಂದ್ರೆ ಕೊಡು ಅಂದಿದ್ದಾರೆ. ಕೆಲಸ ಅಲ್ವಾ, ಏನ್ಮಾಡ್ಲಿ?”

ಡಾರ್ಕಸ್ ಅಷ್ಟರಲ್ಲೇ ಬಾಗಿಲು ತೆರೆದು ಹೊರಗೆ ಬಂದಿದ್ದಳು. ಅವನ ಸಮವಸ್ತ್ರ ಕಂಡದ್ದೇ ಅವಳಿಗೆ ಅರ್ಥವಾಯಿತು. ನದಿಯ ಮೇಲೆ ಹಾರ್ಲನ್ ಗಾಳಿಗೆ ತಲೆ ತಗ್ಗಿಸಿ ಬರುತ್ತಿದ್ದ. ಕೋಲು ಹುಡುಕುತ್ತಿದ್ದನೋ ಏನೋ, ನೆಲ ನೋಡುತ್ತಲೇ ನಡೆಯುತ್ತಿದ್ದ. ಪ್ರತಿವಾರ ನಿಲ್ಲುವ ಜಾಗ ದಾಟಿದ. ಇನ್ನೂ ಬಂದ.

“ಹಾರ್ಲನ್! ನಿಲ್ಲು!” ಎಂದು ಅವಳು ಕಿರುಚಿದಳು. ಯಾರಿಗೆ ಕಿರುಚುತ್ತಿದ್ದೇನೆ ಎಂದು ಅವಳಿಗೇ ನೆನಪಾಗಿರಬೇಕು. ವಾಕರ್ ಬಿಟ್ಟು, ಬಾಗಿಲ ಪಕ್ಕದ ಊರುಗೋಲು ಕಸಿದುಕೊಂಡು, ದಡ ಇಳಿದು ಹಿಮದ ಮೇಲೆ ಕಾಲಿಟ್ಟಳು.

“ಡಾರ್ಕಸ್! ನಿನ್ನ ಸೊಂಟ ಕಣೇ!” ಎಂದು ನಾನು ಹಿಂದಿನಿಂದ ಕೂಗಿದೆ. ಅವಳು ತಿರುಗಲಿಲ್ಲ. ಒಂದು ಕಾಲು ಎಳೆಯುತ್ತ, ಊರುಗೋಲನ್ನು ಹಿಮಕ್ಕೆ ಚುಚ್ಚಿಚುಚ್ಚಿ ಹೋದಳು. ವೆಂಡಲ್ ಕೂಡ ಇಳಿದ. ಅವನಿಗೆ ಮೂವತ್ತರ ಪ್ರಾಯ, ನಾಲ್ಕು ದಾಪುಗಾಲಿಗೆ ಅವಳನ್ನು ದಾಟಿ ಹೋಗಬಹುದಿತ್ತು. ಅವನು ಅವಳ ಹಿಂದೆ ಹಿಂದೆಯೇ ನಡೆದ. ಬಿದ್ದರೆ ಹಿಡಿಯಲು ಕೈ ಚಾಚಿಕೊಂಡಿದ್ದ.

ಹಾರ್ಲನ್ ತಲೆಯೆತ್ತಿ ಅವಳನ್ನು ನೋಡಿದ್ದು ಅವಳು ಹತ್ತಿರ ಬಂದ ಮೇಲೆ. ಮುಖವೆಲ್ಲ ಅರಳಿತು. ಎರಡು ಕೈ ಮುಂದೆ ಚಾಚಿ ಓಡಿ ಬಂದ. ಅವಳು ಅವನ ಎದೆಗೆ ಅಂಗೈ ಒತ್ತಿ ತಳ್ಳಿದಳು. ಅವನಿಗೆ ಏನೂ ತಿಳಿಯಲಿಲ್ಲ, ಒಂದು ಹೆಜ್ಜೆ ಹಿಂದೆ ಹೋದ. ಮತ್ತೆ ತಳ್ಳಿದಳು. ಅವನು ಅವಳ ಮೊಣಕೈಗಳನ್ನು ಹಿಡಿದುಕೊಂಡು, ಅವಳು ಜಾರದ ಹಾಗೆ, ಹಿಂದೆ ಹಿಂದೆ ನಡೆದ. ನೋಡುವವರಿಗೆ ಕುಣಿಯುತ್ತಿರುವ ಹಾಗೆ ಕಾಣುತ್ತಿತ್ತು. ಗುಡಿಸಲುಗಳವರೆಗೂ ಹೋಗಿ ನಿಂತರು.

ವೆಂಡಲ್ ನಡುದಾರಿಯಲ್ಲೇ ನಿಂತಿದ್ದ. ಕಾಗದವನ್ನು ಕೋಟಿನೊಳಗೆ ಸೇರಿಸಿ ತಿರುಗಿ ಬಂದ. “ಹಿಮ ಬಿದ್ದಿದೆ, ಗಡಿ ಎಲ್ಲಿ ಅಂತ ಕಾಣ್ತಿಲ್ಲ. ಆಚೆ ರಾಜ್ಯದಲ್ಲಿ ನಿಂತು ಕೊಟ್ರೆ ನನ್ನ ಕೆಲಸಕ್ಕೇ ಕುತ್ತು. ಟಟಲ್‌ಗೆ ಹಂಗೇ ಹೇಳ್ತೀನಿ” ಎಂದ. ಆಮೇಲೆ ಮೂಗು ಒರೆಸಿಕೊಂಡು, “ಟೀಚರ್ ಬಿದ್ದುಬಿಡ್ತಾರೆ ಅಂತ ಜೀವವೇ ಹೋಗಿತ್ತು” ಎಂದ.

ದೂರದಲ್ಲಿ ಅವರಿಬ್ಬರು ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಶರತ್ಕಾಲದಿಂದ ಈಚೆಗೆ ಅವಳ ತುಟಿಗಳನ್ನು ಅವನು ಕಾಣುವಷ್ಟು ಹತ್ತಿರ ಬಂದದ್ದು ಅದೇ ಮೊದಲು. ಏನು ಮಾತಾಡಿದಿರಿ ಎಂದು ಆಮೇಲೆ ಕೇಳಿದೆ.

“ಯಾಕೆ ತಳ್ತೀಯ ಅಂದ. ನಿನ್ನ ಉಳಿಸೋಕೆ ಅಂದೆ. ಸಾಕು ಮಾರಾಯ್ತಿ, ಉಳಿಸಿದ್ದು ಅಂದ.” ಅವಳ ಕಣ್ಣು ತುಂಬಿತು. “ಅವನ ಗಡ್ಡ ಎಲ್ಲ ಬೆಳ್ಳಗಾಗಿದೆ, ಐಡೆಲಾ. ದಡದಿಂದ ಅದು ಹಿಮ ಅಂದ್ಕೊಂಡಿದ್ದೆ.”

ಸೋಮವಾರ ಅವಳು ಟಟಲ್‌ಗೆ ಫೋನ್ ಮಾಡಿ, ಇನ್ನೊಮ್ಮೆ ಹೀಗಾದರೆ ನಿಮ್ಮ ವಕಾಲತ್ತು ಬೇಡ ಎಂದಳು. ನದಿಯ ಮೇಲಿನ ಭೇಟಿಯೂ ನಿಂತಿತು. ಇಬ್ಬರಿಗೂ ಹೆದರಿಕೆ.

ಮಾರ್ಚಿಯಲ್ಲಿ ಅರ್ಜಿಯ ವಿಚಾರಣೆ. ಡಾರ್ಕಸ್ ನೀಲಿ ಉಣ್ಣೆಯ ಉಡುಪು ಹಾಕಿಕೊಂಡು ಬಂದಿದ್ದಳು. ಹಬೆ ಹೇಗಿತ್ತು, ಮೆಟ್ಟಿಲು ಹೇಗೆ ಮುರಿಯಿತು, ಹಾರ್ಲನ್ ಹೇಗೆ ಎತ್ತಿಕೊಂಡು ಓಡಿದ, ಎಲ್ಲವನ್ನೂ ಕ್ರಮವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ನನಗೆ ಒಪ್ಪಿಸಿದ್ದಳು. ಹಾರ್ಲನ್ ಬರುವ ಹಾಗೇ ಇರಲಿಲ್ಲ. ಅವನ ಪರವಾಗಿ ಕಂಪನಿಯ ವಕೀಲ ಎದ್ದು ನಿಂತ.

“ನಮ್ಮ ಕಕ್ಷಿದಾರರು ಈ ಕೋರ್ಟಿನ ಮುಂದೆ ಇಲ್ಲ, ಮಹಾಸ್ವಾಮಿ. ಅವರು ಇಲ್ಲಿಲ್ಲ ಅಂತ ಹೇಳೋದಕ್ಕೆ ಮಾತ್ರ ನಾನು ಇಲ್ಲಿ ಬಂದಿದ್ದೀನಿ.”

ನ್ಯಾಯಾಧೀಶರು ಸಣ್ಣ ಮೈಕಟ್ಟಿನ ವಯಸ್ಸಾದ ಹೆಂಗಸು. ಟಟಲ್ ಕಡೆ ತಿರುಗಿದರು. ಟಟಲ್ ಚೆನ್ನಾಗಿಯೇ ವಾದಿಸಿದರು. ನಮ್ಮೂರಿನ ಅರ್ಧ ಕೊಟ್ಟಿಗೆಗಳಿಗೆ ಹಲಗೆ ಬಂದದ್ದು ಪೀಸ್ಲೀ ಮಿಲ್ಲಿನಿಂದ, ಈ ಮನುಷ್ಯ ಇಲ್ಲಿ ವ್ಯಾಪಾರ ಮಾಡಿದ್ದಾನೆ, ಪ್ರತಿವಾರ ಬಂದಿದ್ದಾನೆ, ಇಲ್ಲಿಯವನಂತೆಯೇ ಬಾಳಿದ್ದಾನೆ ಎಂದರು.

“ಇಲ್ಲಿಗೆ ಮಾರಿದ ಹಲಗೆಗೂ ಅಲ್ಲಿ ಮುರಿದ ಮೆಟ್ಟಿಲಿಗೂ ಏನು ಸಂಬಂಧ?” ಎಂದು ಕೇಳಿದರು ನ್ಯಾಯಾಧೀಶರು.

ಟಟಲ್ ತಮ್ಮ ಕಾಗದಗಳನ್ನು ತಿರುವಿಹಾಕತೊಡಗಿದರು.

“ನಾನೊಂದು ಮಾತು ಹೇಳಬಹುದಾ?” ಡಾರ್ಕಸ್ ಎದ್ದು ನಿಂತಿದ್ದಳು.

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಗದರಲಿಲ್ಲ. “ನೀವು ಬಿದ್ದದ್ದರ ಬಗ್ಗೆ ನಾವಿನ್ನೂ ಮಾತೇ ಶುರು ಮಾಡಿಲ್ಲಮ್ಮ. ಅದನ್ನ ಕೇಳಬೇಕಾದೋರು ನಾವಾ, ಬೇರೆಯವರಾ, ಇವತ್ತು ಅಷ್ಟೇ ಪ್ರಶ್ನೆ. ದಯವಿಟ್ಟು ಕೂತ್ಕೊಳ್ಳಿ, ನಿಮ್ಮ ಕಾಲಿಗೆ ನೋವಾಗುತ್ತೆ.”

ಮನೆಗೆ ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. “ಒಳ್ಳೇ ಹೆಂಗಸು” ಎಂದಳು. “ಆದ್ರೂ ನೋಡೇ, ಬಿದ್ದೋಳೊಬ್ಬಳನ್ನ ಬಿಟ್ಟು ಎಲ್ಲರ ಮಾತೂ ಕೇಳಿದ್ರು.”

ತೀರ್ಪು ತಕ್ಷಣ ಬರಲಿಲ್ಲ. ಅಷ್ಟರಲ್ಲಿ ನದಿ ಒಡೆಯಿತು. ಮಂಚದಷ್ಟಗಲದ ಹಿಮದ ಚಪ್ಪಡಿಗಳು ಒಂದರ ಮೇಲೊಂದು ಹತ್ತಿ, ಸೇತುವೆಯ ಕಂಬಗಳಿಗೆ ಬಡಿದು, ದಕ್ಷಿಣಕ್ಕೆ ಹೋದವು. ಆಮೇಲೆ ಬರಿಯ ಕಂದು ನೀರು. ಆಚೆ ದಡದ ಆಲೆಮನೆಯಿಂದ ಹಬೆ ಏಳುವುದು ಕಾಣುತ್ತಿತ್ತು. ಡಾರ್ಕಸ್ ಕಿಟಕಿಯ ಬಳಿ ಕೂತು ನೋಡುತ್ತಿದ್ದಳು. ಗಾಳಿ ನಮ್ಮ ಕಡೆ ಬೀಸಿದ ದಿನ ಕಿಟಕಿ ತೆರೆದು, ಕಾಯುತ್ತಿದ್ದ ರಸದ ವಾಸನೆ ಬರುತ್ತದೆಯೇ ಎಂದು ಮೂಗೆಳೆಯುತ್ತಿದ್ದಳು. ಬರುತ್ತಿದೆ ಎಂದು ಅವಳು ಹೇಳುತ್ತಿದ್ದಳು. ನನಗೆ ಬರುತ್ತಿರಲಿಲ್ಲ. ಹಾಗೆಂದು ನಾನು ಹೇಳಲಿಲ್ಲ.

ಏಪ್ರಿಲಿನಲ್ಲಿ ಟಟಲ್ ಫೋನ್ ಮಾಡಿದರು. ದಾವೆ ವಜಾ. ಪ್ರತಿವಾದಿಯ ಮೇಲೆ ಈ ಕೋರ್ಟಿಗೆ ನ್ಯಾಯವ್ಯಾಪ್ತಿಯಿಲ್ಲ, ಬೇಕಾದರೆ ಆಚೆ ರಾಜ್ಯದಲ್ಲಿ ಹೂಡಿಕೊಳ್ಳಬಹುದು.

“ಸೋತ್ವಿ, ಮಿಸೆಸ್ ವೀಲಾಕ್. ಬಹಳ ಬೇಜಾರಾಯ್ತು.”

“ಅಂದ್ರೆ ಇಲ್ಲಿ ಈಗ ಕೇಸೇ ಇಲ್ಲ?”

“ಇಲ್ಲ.”

“ಅವನು ಈ ಕಡೆ ಬಂದ್ರೆ ಯಾರೂ ಏನೂ ಕೇಳೋ ಹಾಗಿಲ್ಲ?”

“ಕೇಳೋ ಹಾಗಿಲ್ಲ” ಎಂದರು.

ಅವಳು ಫೋನಿಟ್ಟು ನನ್ನ ಕಡೆ ತಿರುಗಿದಳು. “ಗಾಡಿ ತೆಗಿ.”

ಸೇತುವೆ ದಾಟಿದೆವು. ಆಚೆ ರಸ್ತೆಯಲ್ಲಿ ಚಕ್ರ ಅರ್ಧ ಹೂತುಹೋಗುವಷ್ಟು ಕೆಸರು. ಮಿಲ್ಲಿನಲ್ಲಿ ಗರಗಸ ಓಡುತ್ತಿತ್ತು. ಹಾರ್ಲನ್ ಬೆನ್ನು ಹಾಕಿ ನಿಂತು ಪೈನ್ ದಿಮ್ಮಿಯೊಂದನ್ನು ಕೊಯ್ಯುತ್ತಿದ್ದ. ಡಾರ್ಕಸ್ ಅವನನ್ನು ಮುಟ್ಟಲಿಲ್ಲ. ಗರಗಸದ ಮುಂದೆ ನಿಂತವನನ್ನು ಬೆಚ್ಚಿಬೀಳಿಸಬಾರದು. ಹಲಗೆ ಪೂರ್ತಿ ಕೊಯ್ದು ಬೀಳುವವರೆಗೂ ಊರುಗೋಲಿನ ಮೇಲೆ ಭಾರ ಬಿಟ್ಟು, ಹೊಟ್ಟಿನ ಧೂಳಿನಲ್ಲಿ ಕಾದಳು. ಅವನು ಹಲಗೆ ಎತ್ತಲು ತಿರುಗಿದ.

“ವಜಾ ಆಯ್ತು” ಎಂದಳು ಅವಳು.

ಅವನು ಅವಳ ತುಟಿಗಳನ್ನು ನೋಡಿದ. “ಮಜಾ ಆಯ್ತಾ? ಏನು ಮಜಾ?”

“ವಜಾ, ಮುಠ್ಠಾಳ! ವಜಾ! ಕೇಸು ವಜಾ!”

ಅವನು ಹೋಗಿ ಗರಗಸ ನಿಲ್ಲಿಸಿದ. ಅದರ ಸದ್ದು ಇಳಿದು ಇಳಿದು ನಿಂತಾಗ ಹೊರಗೆ ನೀರು ತೊಟ್ಟಿಕ್ಕುವುದು ಕೇಳಿಸಿತು, ನಮಗಿಬ್ಬರಿಗೆ.

“ಹಂಗಾದ್ರೆ ಈಗ ನಾವು ಯಾವ ಕೋರ್ಟಲ್ಲೂ ಇಲ್ಲ” ಎಂದ ಹಾರ್ಲನ್.

“ಯಾವ ಕೋರ್ಟಲ್ಲೂ ಇಲ್ಲ.”

“ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಹಿಮದ ಮೇಲೆ ಕೂತು ಕೂತು ಅದೇ ಯೋಚ್ನೆ ಮಾಡ್ತಿದ್ದೆ. ಹತ್ರ ಇದ್ದಾಗ ಯಾಕೋ ಬಾಯಿಗೆ ಬರ್ಲಿಲ್ಲ, ಡಾರ್ಕಸ್. ದಿನಾ ಬರ್ಬೋದಲ್ಲ, ನಾಳೆ ಕೇಳಿದ್ರಾಯ್ತು ಅಂತ.”

“ಇವತ್ತು ಕೇಳು.”

ನಾನು ಕಾರಿನ ಬಳಿಗೆ ಬಂದೆ.

ಅಷ್ಟಾದರೂ ಕೂಡಲೇ ಮದುವೆಯಾಗಲಿಲ್ಲ. ಆಸ್ಪತ್ರೆಯ ಬಿಲ್ಲು ಹಾಗೇ ಇತ್ತು. ಆಚೆ ಊರಿನ ವಕೀಲೆ ಮಿಸ್ ಕೊರಿವೊ ಅಲ್ಲಿಯ ಕೋರ್ಟಿನಲ್ಲಿ ಹೊಸ ದಾವೆ ಹೂಡಿ, ಅದು ಮುಗಿಯುವವರೆಗೆ ಉಂಗುರ ತೊಡಬೇಡಿ, ಕಂಪನಿಗೆ ಇನ್ನೊಂದು ನೆಪ ಕೊಟ್ಟ ಹಾಗಾಗುತ್ತದೆ ಎಂದರು. ಮತ್ತೆ ಕಾಯುವುದೇ. ಆದರೆ ಶನಿವಾರಗಳು ಮರಳಿ ಬಂದಿದ್ದವು. ಕಂಪನಿ ಒಂದು ವರ್ಷ ಎಳೆದಾಡಿತು. ಇನ್ನು ಓಡಿಹೋಗಲು ಗಡಿಯಿಲ್ಲ ಎಂದಾಗ ಜ್ಯೂರಿ ಕೂರುವ ಮೊದಲೇ ಒಪ್ಪಂದಕ್ಕೆ ಬಂತು. ಹಾಗಾಗಿ ತಾನು ಬಿದ್ದ ಕತೆಯನ್ನು ಡಾರ್ಕಸ್ ಯಾವ ಕೋರ್ಟಿನಲ್ಲೂ ಹೇಳಲೇ ಇಲ್ಲ. ಕೇಳಿದವಳು ನಾನೊಬ್ಬಳೇ, ಆ ದಿನ ಕಾರಿನಲ್ಲಿ.

ಜೂನಿನಲ್ಲಿ ಮದುವೆಯಾಯಿತು. ಡಾರ್ಕಸ್ ಮನೆ ಮಾರಿ ಆಚೆ ದಡಕ್ಕೆ ಹೋದಳು. ಬೋಸ್ಟನ್ನಿನ ಗಂಡ ಹೆಂಡತಿ ಕೊಂಡುಕೊಂಡಿದ್ದಾರೆ. ಒಳ್ಳೆಯವರು, ಬೇಸಿಗೆಯಲ್ಲಿ ಎರಡು ವಾರ ಬಂದು ಹೋಗುತ್ತಾರೆ. ಉಳಿದಂತೆ ಕಿಟಕಿಗಳು ಮುಚ್ಚಿರುತ್ತವೆ.

ನನಗಂತೂ ಯಾವ ಕೋರ್ಟೂ ಅಡ್ಡಿ ಹೇಳಿಲ್ಲ. ಸೇತುವೆಯಿದೆ, ಗಾಡಿಯಿದೆ, ಹೋದರೆ ಡಾರ್ಕಸ್ ಬಿಡದೆ ಕೂರಿಸಿಕೊಳ್ಳುತ್ತಾಳೆ. ಆದರೂ ಹೋಗುವುದು ಕಡಿಮೆ. ಅಲ್ಲಿ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತಾರೆ, ನಡುವೆ ನಾನೇಕೆ ಎನಿಸುತ್ತದೆ. ಒಂದೊಂದು ಸಲ ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಏನೋ ನೆನಪಾಗುತ್ತದೆ, ಬೇಲಿಯ ಕಡೆ ತಿರುಗಿ ಹೇಳಲು ಬಾಯಿ ತೆರೆದಿರುತ್ತೇನೆ. ಆಮೇಲೆ ಇನ್ನೊಂದು ಬಟ್ಟೆ ಎತ್ತಿಕೊಂಡು ಕೊಡವುತ್ತೇನೆ.